ನಿಂತಲ್ಲೇ ಇರುವ ಸೂಜಿ

ಪುಟ್ಟಿಗೆ ಅರವತ್ತೊಂದು ತುಂಬಿತ್ತು. ತಲೆ ಮುಕ್ಕಾಲು ಬೆಳ್ಳಗಾಗಿ, ಮಂಡಿಗಳು ಮೆಟ್ಟಿಲು ಕಂಡಾಗಲೆಲ್ಲ ತಕರಾರು ತೆಗೆಯತೊಡಗಿ ಎಷ್ಟೋ ವರ್ಷವಾಗಿದ್ದರೂ ಮನೆಯಲ್ಲಿ, ಬೀದಿಯಲ್ಲಿ, ಮೊನ್ನೆ ಮೊನ್ನೆಯವರೆಗೆ ಪ್ಯಾಂಟಿನ ಕಾಲು ಮಡಿಚಿ ಜಿಪ್ಪು ಬದಲಿಸಿ ಕೊಡುತ್ತಿದ್ದ ಅಂಗಡಿಯಲ್ಲೂ ಅವಳು ಪುಟ್ಟಿಯೇ. ಆ ಹೆಸರಿಟ್ಟವಳು ಅಕ್ಕ. ಅಕ್ಕನಿಗಿಂತ ಹನ್ನೊಂದು ವರ್ಷ ತಡವಾಗಿ ಹುಟ್ಟಿದ ತಪ್ಪಿಗೆ ಜೀವಮಾನವಿಡೀ ಪುಟ್ಟಿಯಾಗಿರಬೇಕಾಯಿತು. ಆದರೆ ಹಟದ ವಿಷಯಕ್ಕೆ ಬಂದರೆ ಮಾತ್ರ ಅವಳು ಯಾರ ಮುಂದೆಯೂ ಪುಟ್ಟಿಯಲ್ಲ. ಒಂದು ಸಲ ಮನಸ್ಸಿಗೆ ಬಂದದ್ದನ್ನು ಅವಳಿಂದ ಬಿಡಿಸಿದವರನ್ನು ನಾನಂತೂ ಕಂಡಿಲ್ಲ.

ಈ ಸಲದ ಹಟ ಶುರುವಾದದ್ದು ಅಕ್ಕನ ಕಣ್ಣಿನಿಂದ. ಗಂಡ ತೀರಿಕೊಂಡ ಮೇಲೆ ಅಕ್ಕ ಪುಟ್ಟಿಯ ಮನೆಯ ಹಿಂದಿನ ಕೋಣೆಗೆ ಬಂದು ಒಂಬತ್ತು ವರ್ಷವಾಗಿತ್ತು. ಹಳೆಯ ಬಟ್ಟೆಗಳನ್ನು ಚೌಕ ಚೌಕವಾಗಿ ಕತ್ತರಿಸಿ, ಜೋಡಿಸಿ, ಕೌದಿಯ ಮೇಲ್ಪದರ ಮಾಡುವುದು ಅವಳ ಕೆಲಸ, ಅವಳ ಚಟ, ಅವಳ ಉಸಿರು. ಮಧ್ಯೆ ಹತ್ತಿಯ ಹಾಸು, ಅಡಿಗೆ ಒಂದು ಗಟ್ಟಿ ಬಟ್ಟೆ ಇಟ್ಟು ಮೂರನ್ನೂ ಒಟ್ಟಿಗೆ ಹೊಲಿಯುವ ಕೆಲಸವನ್ನು ಊರಿನ ಆ ತುದಿಯಲ್ಲಿದ್ದ ಒಬ್ಬಾಕೆಗೆ ಕೊಟ್ಟು ಬರುತ್ತಿದ್ದರು. ಆಕೆಯ ಹತ್ತಿರ ಕೋಣೆ ತುಂಬುವಷ್ಟು ದೊಡ್ಡ ಚೌಕಟ್ಟು. ಅದರ ಮೇಲೆ ಕೌದಿಯನ್ನು ಬಿಗಿದು, ಹಳಿಯ ಮೇಲೆ ಯಂತ್ರವನ್ನು ಅತ್ತಿಂದಿತ್ತ ತಳ್ಳುತ್ತ ಹೊಲಿಯುತ್ತಿದ್ದಳು. ಎಲ್ಲ ಕೌದಿಗೂ ಒಂದೇ ಅಲೆಯ ವಿನ್ಯಾಸ.

ಕಣ್ಣಿನ ಡಾಕ್ಟರು ಅಕ್ಕನ ಕಣ್ಣಿನೊಳಗೆ ಬೆಳಕು ಬಿಟ್ಟು ನೋಡಿ, ಇದು ವಯಸ್ಸಿನದು, ನೋಟದ ನಡುಭಾಗ ಮೊದಲು ಹೋಗುತ್ತದೆ, ಅಂಚು ಸ್ವಲ್ಪ ದಿನ ಉಳಿಯುತ್ತದೆ, ವರ್ಷದೊಳಗೆ ಹೆಚ್ಚುಕಡಿಮೆ ಏನೂ ಕಾಣಲಿಕ್ಕಿಲ್ಲ ಎಂದರು. ಅಕ್ಕ ಅದನ್ನು ಮನೆಗೆ ಬಂದು ಹಾಲು ಉಕ್ಕಿತು ಎನ್ನುವ ಹಾಗೆ ಹೇಳಿದಳು. ಅದೇ ವಾರ ಚೌಕಟ್ಟಿನಾಕೆಯಿಂದ ಒಂದು ಕೌದಿ ಹೊಲಿದು ಬಂತು. ಅಕ್ಕ ಅದನ್ನು ಮಡಿಲ ಮೇಲೆ ಹಾಸಿಕೊಂಡು, ಕಣ್ಣು ಮುಚ್ಚಿ, ಬೆರಳಾಡಿಸುತ್ತ ತುಂಬಾ ಹೊತ್ತು ಕೂತಳು.

"ಎಲ್ಲಾ ಕಡೆ ಒಂದೇ ಥರ ಇದೆ ಪುಟ್ಟಿ," ಅಂದಳು. "ಅಪ್ಪನ ಅಂಗಿ ಎಲ್ಲಿದೆ, ಅಮ್ಮನ ಸೀರೆ ಎಲ್ಲಿದೆ, ನನ್ನ ಬೆರಳಿಗೆ ಹೇಗೆ ಗೊತ್ತಾಗಬೇಕು? ಕಣ್ಣು ಹೋದ ದಿನ ಇದೂ ಒಂದು ಕಂಬಳಿ ಅಷ್ಟೆ."

ಆ ಮಾತು ಪುಟ್ಟಿಯ ಎದೆಗೆ ಚುಚ್ಚಿತು. ಅಕ್ಕನ ಕೊನೆಯ ಮೇಲ್ಪದರ ಬೀರುವಿನಲ್ಲಿತ್ತು. ಎಂಟು ಸಾಲು, ಸಾಲಿಗೆ ಏಳು ತುಂಡು, ಒಟ್ಟು ಐವತ್ತಾರು. ಒಂದೊಂದು ತುಂಡೂ ಮನೆಯ ಒಬ್ಬರ ಮೈಮೇಲೆ ಇದ್ದ ಬಟ್ಟೆ. ಆ ಐವತ್ತಾರಕ್ಕೂ ಬೇರೆ ಬೇರೆ ಗುರುತು ಹೊಲಿದು, ಅಕ್ಕನ ಬೆರಳು ಅದನ್ನು ಓದುವ ಹಾಗೆ ಮಾಡುತ್ತೇನೆ ಎಂದು ಪುಟ್ಟಿ ಅಲ್ಲೇ ನಿಂತು ಹೇಳಿಬಿಟ್ಟಳು. ಯಾವ ತುಂಡು ಯಾರದ್ದೆಂದು ಗೊತ್ತಿದ್ದದ್ದು ಅಕ್ಕನೊಬ್ಬಳಿಗೆ. ಅವಳಿಗೆ ಕಣ್ಣು ಇರುವಾಗಲೇ ಕೇಳಿ ಬರೆದುಕೊಳ್ಳಬೇಕು, ಕೈ ಬೇಗ ಓಡಬೇಕು.

ಮೊದಲು ತನ್ನದೇ ಹಳೆಯ ಹೊಲಿಗೆ ಯಂತ್ರದಲ್ಲಿ ಒಂದು ಬೇರೆ ಕೌದಿಯನ್ನು ಇಟ್ಟು ನೋಡಿದಳು. ಸೂಜಿಯಿಂದ ಯಂತ್ರದ ಕಂಬದವರೆಗೆ ಇರುವ ಜಾಗ ಒಂದು ಗೇಣು. ಅಂಚಿನ ಸಾಲೇನೋ ಆಯಿತು, ನಡುವಿಗೆ ಬಂದಾಗ ಸುತ್ತಿದ ಹಾಸಿಗೆಯನ್ನು ಕಿಟಕಿಯ ಸರಳಿನಲ್ಲಿ ತೂರಿಸಿದ ಹಾಗಾಯಿತು. ಸೂಜಿ ಮುರಿಯಿತು. ಇನ್ನೊಂದು ಹಾಕಿದಳು, ಅದೂ ಮುರಿಯಿತು. ಕೈಯಲ್ಲೇ ಹೊಲಿಯೋಣವೆಂದರೆ ಹೆಬ್ಬೆರಳಿನ ಗೆಣ್ಣು ಹತ್ತು ನಿಮಿಷಕ್ಕೇ ಊದುತ್ತಿತ್ತು. ಚೌಕಟ್ಟಿನ ಯಂತ್ರ ಕೊಂಡರೆ ಇಡಲು ಮನೆಯಿಲ್ಲ, ನಿಂತು ತಳ್ಳಲು ಮಂಡಿಯಿಲ್ಲ.

ಕೂತು ಹೊಲಿಯುವ ಉದ್ದ ತೋಳಿನ ಯಂತ್ರಗಳು ಇವೆ ಎಂದು ಗೊತ್ತಾದದ್ದು ಆಗ. ನೋಡಲು ಸಾದಾ ಹೊಲಿಗೆ ಯಂತ್ರದ ದೊಡ್ಡಣ್ಣನ ಹಾಗೆ. ಮೇಜಿನಲ್ಲಿ ಇಳಿಸಿರುತ್ತಾರೆ, ಸೂಜಿಗೂ ಕಂಬಕ್ಕೂ ನಡುವೆ ಎರಡು ಗೇಣು ಜಾಗ. ಕೆಳಗೆ ಬಟ್ಟೆ ಎಳೆಯುವ ಹಲ್ಲುಗಳಿಲ್ಲ. ಯಂತ್ರ ಕದಲುವುದಿಲ್ಲ, ಕೌದಿಯನ್ನೇ ಎರಡೂ ಕೈಯಲ್ಲಿ ಹಿಡಿದು ಸೂಜಿಯ ಕೆಳಗೆ ಬೇಕಾದ ಕಡೆ ಸರಿಸಬೇಕು. ಅಂಗಡಿ ಕೆಲಸ ಬಿಡುವಾಗ ಸಿಕ್ಕ ದುಡ್ಡು ಪುಟ್ಟಿಯ ಹತ್ತಿರ ಇತ್ತು. ಅದರೊಳಗೆ ಬಂದರೆ ಉಂಟು, ಅದರ ಮೇಲೆ ಒಂದು ಬಿಡಿಕಾಸೂ ಇಲ್ಲ ಎಂದು ತನಗೆ ತಾನೇ ಗೆರೆ ಎಳೆದುಕೊಂಡಳು. ಕಾಗದದ ಮೇಲೆ ಪೆನ್ಸಿಲಿನಲ್ಲಿ ಎಲೆ, ಬಳ್ಳಿ, ಸುರುಳಿ ಬರೆದು ಕೈ ಪಳಗಿಸಿಕೊಳ್ಳಬೇಕೆಂದು ಎಲ್ಲೋ ಕೇಳಿ, ಮೂರು ವಾರ ಕೂತು ಬರೆದೇ ಬರೆದಳು. ಕೊನೆಗೆ ಅವಳ ಎಲೆಗಳು ಎಷ್ಟು ಚೆನ್ನಾಗಿ ಬಂದವೆಂದರೆ ಹಾಲಿನ ಲೆಕ್ಕದ ಚೀಟಿಯ ಮೇಲೂ ಒಂದೆರಡು ಬಿದ್ದಿದ್ದವು.

ಪುಟ್ಟಿಯ ಗಂಡನ ವಿಷಯ ಇಲ್ಲಿ ಹೇಳಲೇಬೇಕು. ಮರದ ಅಂಗಡಿಯಲ್ಲಿ ಮೂವತ್ತೆಂಟು ವರ್ಷ ಹಲಗೆ ಅಳೆದು ನಿವೃತ್ತರಾದವರು. ಅಂಗಿಯ ಜೇಬಿನಲ್ಲಿ ಬೇರೆಯವರಿಗೆ ಪೆನ್ನು ಇದ್ದರೆ ಇವರಿಗೆ ಅಳತೆ ಟೇಪು. ಬೀದಿಯವರು ಅಳತೆರಾಯರು ಎಂದೇ ಕರೆಯುವುದು. ಯಂತ್ರ ಕೊಳ್ಳುವ ಮಾತು ಬಂದಾಗ ಬೇಡ ಅನ್ನಲಿಲ್ಲ. ಬೇಡ ಅಂದು ಪ್ರಯೋಜನವಿಲ್ಲವೆಂದು ಮದುವೆಯಾದ ಮೊದಲ ತಿಂಗಳಲ್ಲೇ ಕಲಿತಿದ್ದರು. ಸುಮ್ಮನೆ ಎದ್ದು ಹೋಗಿ ನಡುಮನೆಯನ್ನು ಉದ್ದಗಲ ಅಳೆದು, ಕಿಟಕಿಯ ಪಕ್ಕ ಇಷ್ಟು ಜಾಗ ಇದೆ, ಇದಕ್ಕಿಂತ ದೊಡ್ಡದು ತಂದರೆ ನಾನು ಹೊರಗೆ ಮಲಗಬೇಕಾಗುತ್ತದೆ ಎಂದು ಚೀಟಿ ಬರೆದುಕೊಟ್ಟರು.

ಮೂವರೂ ಯಂತ್ರ ಮಾರುವ ಅಂಗಡಿಗೆ ಹೋದರು. ಅಂಗಡಿಯಾಕೆ ಮೂವತ್ತರ ಆಸುಪಾಸಿನ ಚುರುಕು ಹೆಂಗಸು. ಮೊದಲ ಯಂತ್ರದ ಮುಂದೆ ಕೂತು ಕರವಸ್ತ್ರದಷ್ಟು ಅಗಲದ ಬಟ್ಟೆಯ ಮೇಲೆ ಚಕಚಕನೆ ಒಂದು ಹೂವು ಹೊಲಿದು ತೋರಿಸಿದಳು. ಇದು ಎಲ್ಲಕ್ಕಿಂತ ಅಗ್ಗ, ಮನೆಗೆ ಹೇಳಿ ಮಾಡಿಸಿದ್ದು ಎಂದಳು. ಅಳತೆರಾಯರ ಮುಖ ಅರಳಿತು. ಪುಟ್ಟಿ ತಾನು ತಂದಿದ್ದ ದೊಡ್ಡ ಚೀಲದ ಬಾಯಿ ಬಿಚ್ಚಿ, ಇಬ್ಬರು ಮಲಗುವ ಹಳೆಯ ಕೌದಿಯೊಂದನ್ನು ಹೊರಗೆಳೆದಳು.

"ಕರವಸ್ತ್ರ ಹೊಲಿಯೋಕೆ ನನಗೆ ಯಂತ್ರ ಬೇಡಮ್ಮ," ಅಂದಳು. "ಇದರ ಮಧ್ಯದಲ್ಲಿ ಹೊಲಿದು ತೋರಿಸು."

ಅಂಗಡಿಯಾಕೆ ಒಂದು ಕ್ಷಣ ಅವಳ ಮುಖ ನೋಡಿದಳು. ಇಷ್ಟು ವರ್ಷ ಯಂತ್ರ ಮಾರುತ್ತಿದ್ದವಳಿಗೆ ಇಡೀ ಕೌದಿಯನ್ನು ಹೊತ್ತು ತಂದ ಗಿರಾಕಿ ಇದೇ ಮೊದಲು. ಆದರೂ ಕೆಲಸದವಳು, ಮೂಗು ಮುರಿಯದೆ ಕೌದಿಯನ್ನು ಸುತ್ತಿ ತೂರಿಸಿದಳು. ಅರ್ಧ ದಾರಿಗೆ ಸಿಕ್ಕಿಕೊಂಡಿತು. ಅತ್ತ ಎಳೆದರೆ ಇತ್ತ ಉಬ್ಬಿತು. ಎರಡೂ ಕಡೆಯಿಂದ ಒತ್ತಿ ಕೂತಳು, ಹೊಲಿಗೆ ಕಪ್ಪೆ ಕುಪ್ಪಳಿಸಿದ ಹಾಗೆ ಬಂತು. ಅಗ್ಗದ ಯಂತ್ರದ ಕಥೆ ಅಲ್ಲಿಗೆ ಮುಗಿಯಿತು, ಅಳತೆರಾಯರ ಮುಖ ಸಪ್ಪಗಾಯಿತು.

ಎರಡನೆಯದು ಅಂಗಡಿಯ ನಡುವೆ ದೀಪದ ಕೆಳಗೆ ಕೂತಿದ್ದ ಮಹಾರಾಣಿ. ತೋಳು ಎರಡು ಗೇಣಿಗೂ ಜಾಸ್ತಿ. ಮುಂದೆ ಟೀವಿಯಂಥ ಚಿಕ್ಕ ಪರದೆ. ಕೈ ಜೋರಾಗಿ ಓಡಲಿ, ನಿಧಾನವಾಗಲಿ, ಒಂದೊಂದು ಹೊಲಿಗೆಯೂ ಒಂದೇ ಉದ್ದ ಬರುವ ಹಾಗೆ ಅದೇ ನೋಡಿಕೊಳ್ಳುತ್ತದಂತೆ. ಕೌದಿ ಅದರ ತೋಳಿನ ಕೆಳಗೆ ನೀರಿನಲ್ಲಿ ದೋಣಿ ಹೋದ ಹಾಗೆ ಹೋಯಿತು, ನಯವಾದ ದಾರದಲ್ಲಿ ಒಂದು ಹೂವೂ ಮೂಡಿತು. ಬೆಲೆ ಕೇಳಿದ ಅಳತೆರಾಯರು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತರು. ಪುಟ್ಟಿ ಅದಕ್ಕೂ ಬಗ್ಗಲಿಲ್ಲ. ತನ್ನ ಕೈಚೀಲದಿಂದ ದಪ್ಪ ದಾರದ ಉರುಳೆಯೊಂದನ್ನು ತೆಗೆದು, ಇದನ್ನು ಹಾಕಿ ಎಂದಳು. ನಯವಾದ ದಾರ ಕಣ್ಣಿಗೆ ಚೆಂದ, ಬೆರಳಿಗೆ ಸಿಗುವುದಿಲ್ಲ. ಮಹಾರಾಣಿ ಆ ದಾರವನ್ನು ಮೂರು ಸಲ ಹರಿದುಹಾಕಿತು. ಇಂಥ ಹಗ್ಗ ಇದಕ್ಕೆ ಆಗಿಬರುವುದಿಲ್ಲ ಎಂದು ಅಂಗಡಿಯಾಕೆ ಪ್ರಾಮಾಣಿಕವಾಗಿಯೇ ಒಪ್ಪಿಕೊಂಡಳು.

ಅಷ್ಟರಲ್ಲಿ ಪುಟ್ಟಿಯ ಕಣ್ಣು ಮೂಲೆಗೆ ಹೋಗಿತ್ತು. ಅಲ್ಲೊಂದು ಯಂತ್ರ, ಮೇಲೆ ರಟ್ಟಿನ ಪೆಟ್ಟಿಗೆಗಳ ರಾಶಿ. ಬಣ್ಣ ಅಲ್ಲಲ್ಲಿ ಕಿತ್ತಿತ್ತು. ನಾಲ್ಕು ವರ್ಷದಿಂದ ಗಿರಾಕಿಗಳಿಗೆ ತೋರಿಸಲೆಂದೇ ಇಟ್ಟಿದ್ದು, ಪರದೆ ಇಲ್ಲ, ಹೊಲಿಗೆಯ ಉದ್ದ ನೋಡಿಕೊಳ್ಳುವ ಬುದ್ಧಿಯೂ ಇಲ್ಲ. ಕಾಲು ಪೆಡಲನ್ನು ಎಷ್ಟು ಒತ್ತುತ್ತದೆ, ಕೈ ಬಟ್ಟೆಯನ್ನು ಎಷ್ಟು ವೇಗವಾಗಿ ಸರಿಸುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ ಎಂದಳು ಅಂಗಡಿಯಾಕೆ. ಮೋಟಾರು ಮಾತ್ರ ಗಟ್ಟಿ. ತೋಳು ಎರಡು ಗೇಣಿಗೆ ಒಂದೇ ಬೆರಳು ಕಡಿಮೆ. ಬೆಲೆ ಪುಟ್ಟಿಯ ಗೆರೆಯೊಳಗೆ ಬಂತು. ದಪ್ಪ ದಾರವನ್ನು ಅದು ಹಸಿದ ಎಮ್ಮೆ ಹುಲ್ಲು ನುಂಗಿದ ಹಾಗೆ ನುಂಗಿತು.

ಪುಟ್ಟಿ ಸೀರೆಯ ಸೆರಗು ಸಿಕ್ಕಿಸಿಕೊಂಡು ಕೂತಳು. ಮೂರು ವಾರ ಬರೆದ ಎಲೆ ಅವಳ ಕೈಯಲ್ಲಿ ಕುಣಿಯುತ್ತಿತ್ತು. ಪೆನ್ಸಿಲನ್ನು ಓಡಿಸಿದ ಹಾಗೆಯೇ ಕೈ ಓಡಿಸಿದಳು. ತೊಟ್ಟಿನಿಂದ ಮೇಲಕ್ಕೆ, ಬಲಕ್ಕೆ ಬಳಸಿ, ತುದಿ, ಮತ್ತೆ ಎಡದಿಂದ ಕೆಳಕ್ಕೆ. ನಿಲ್ಲಿಸಿ ನೋಡಿದರೆ ಎಲೆ ತಲೆಕೆಳಗಾಗಿ ನೇತಾಡುತ್ತಿತ್ತು. ಹೊಲಿಗೆ ಒಂದು ಕಡೆ ಸಾಸಿವೆಯಷ್ಟು, ಇನ್ನೊಂದು ಕಡೆ ಅಕ್ಕಿಕಾಳಿನಷ್ಟು. ಅಂಗಡಿಯಾಕೆ ನಗು ನುಂಗಿಕೊಂಡು ವಿವರಿಸಿದಳು. ಕಾಗದದ ಮೇಲೆ ಪೆನ್ಸಿಲು ಓಡುತ್ತದೆ. ಇಲ್ಲಿ ಪೆನ್ಸಿಲು ನಿಂತಿರುತ್ತದೆ, ಕಾಗದ ಓಡಬೇಕು. ಬಟ್ಟೆಯನ್ನು ಕೆಳಗೆ ಎಳೆದರೆ ಗೆರೆ ಮೇಲೆ ಹೋಗುತ್ತದೆ, ಎಡಕ್ಕೆ ಎಳೆದರೆ ಬಲಕ್ಕೆ. ಚೆನ್ನಾಗಿ ಅಭ್ಯಾಸ ಮಾಡಿದವರೇ ಇಲ್ಲಿ ಎಡವುವುದು, ನಿಮ್ಮ ಮೂರು ವಾರದ ಶ್ರಮವೇ ಈಗ ನಿಮಗೆ ಅಡ್ಡ ಎಂದಳು. ಪುಟ್ಟಿಯ ಕಿವಿ ಕೆಂಪಾಯಿತು. ಇಷ್ಟು ವಯಸ್ಸಾದ ಮೇಲೆ ಅಂಗಡಿಯ ನಡುವೆ ಕೂತು ಮಗುವಿನ ಹಾಗೆ ಗೀಚಿದ್ದು ಅವಳಿಗೆ ನಿಜಕ್ಕೂ ಅವಮಾನವಾಗಿತ್ತು.

ಅಕ್ಕ ಮಾತ್ರ ಯಾವುದರ ಪರಿವೆಯೂ ಇಲ್ಲದೆ ಬಂದು, ಕಣ್ಣು ಮುಚ್ಚಿ, ಮೊದಲು ಮಹಾರಾಣಿ ನಯವಾದ ದಾರದಲ್ಲಿ ಹೊಲಿದ ಹೂವಿನ ಮೇಲೆ ಬೆರಳಿಟ್ಟಳು. ಆಮೇಲೆ ಈ ತಲೆಕೆಳಗಾದ ಎಲೆಯ ಮೇಲೆ. ಕೌದಿಯನ್ನು ಮಗುಚಿ ಹಿಂಬದಿಯನ್ನೂ ಸವರಿದಳು.

"ಇದು," ಅಂದಳು. "ಆ ಕಡೇದು ಬೆರಳಿಗೆ ಬರೀ ಬಟ್ಟೆ ಅಷ್ಟೆ. ಇದು ಎಲೆ. ತಲೆಕೆಳಗಿರೋ ಎಲೆ."

ಇದನ್ನು ತೆಗೆದುಕೊಂಡು ಹೋಗಿ, ಎರಡು ತಿಂಗಳಾದರೂ ಕೈ ಕೂರಲಿಲ್ಲವೆಂದು ಪರಿತಪಿಸಬೇಡಿ ಎಂದು ಅಂಗಡಿಯಾಕೆ ಬುದ್ಧಿ ಹೇಳಿದಳು. ಪುಟ್ಟಿ ಒಂದು ತಿಂಗಳು ಇದನ್ನು ಯಾರಿಗೂ ಕೊಡಬೇಡ ಎಂದಳು. ನಾಲ್ಕು ವರ್ಷದಿಂದ ಯಾರೂ ಕೇಳದ್ದನ್ನು ಈ ತಿಂಗಳಲ್ಲಿ ಯಾರು ಒಯ್ಯುತ್ತಾರೆ ಎಂದು ಅಂಗಡಿಯಾಕೆ ನಕ್ಕಳು.

ಮನೆಗೆ ಬಂದವಳೇ ಪುಟ್ಟಿ ಬರೆದ ಹಾಳೆಗಳನ್ನೆಲ್ಲ ಕಟ್ಟಿ ರದ್ದಿಗೆ ಹಾಕಿದಳು. ಗಂಡನನ್ನು ಕರೆದು, ಮೇಜಿನ ಮೇಲೆ ಒಂದು ಪೆನ್ನು ನೆಟ್ಟಗೆ, ಮೂತಿ ಕೆಳಗಾಗಿ, ಅಲ್ಲಾಡದ ಹಾಗೆ ನಿಲ್ಲಿಸಿ ಕೊಡಿ ಎಂದಳು. ಅಳತೆರಾಯರು ಯಾಕೆಂದು ಕೇಳದೆ, ಹಲಗೆಯ ತುಂಡಿಗೆ ತೂತು ಕೊರೆದು, ಎರಡು ಬದಿ ಕಾಲು ಕೊಟ್ಟು ಪೆನ್ನನ್ನು ಅದರಲ್ಲಿ ಬಿಗಿದರು. ಅದರ ಕೆಳಗೆ ಕಾಗದ ಇಟ್ಟು ಪುಟ್ಟಿ ಕಾಗದವನ್ನು ಸರಿಸತೊಡಗಿದಳು. ಮೊದಲ ದಿನ ಎಲೆಯೂ ಇಲ್ಲ, ಬಳ್ಳಿಯೂ ಇಲ್ಲ, ಏಡಿ ಓಡಾಡಿದ ಗುರುತು. ಬೆಳಿಗ್ಗೆ ಪಾತ್ರೆ ತೊಳೆದಿಟ್ಟು ಕೂತರೆ ಮಧ್ಯಾಹ್ನದವರೆಗೆ ಇಪ್ಪತ್ತು ಹಾಳೆ. ವಾರ ಕಳೆಯುವುದರೊಳಗೆ ಅವಳ ತಲೆ ಎಷ್ಟು ತಿರುಗಿಹೋಯಿತೆಂದರೆ ಡಬ್ಬದ ಮುಚ್ಚಳವನ್ನು ಉಲ್ಟಾ ತಿರುಗಿಸಿ ಬಿಗಿಮಾಡಿ, ಇದು ಯಾಕೆ ತೆರೆಯುತ್ತಿಲ್ಲ ಎಂದು ಅಳತೆರಾಯರ ಮೇಲೆ ರೇಗಿದಳು. ಹನ್ನೆರಡನೆಯ ದಿನ ಒಂದು ಎಲೆ ನೆಟ್ಟಗೆ ನಿಂತಿತು.

ಅಕ್ಕ ಎದುರಿಗೆ ಕೂತು ಹೇಳುತ್ತಿದ್ದಳು. ಮೇಲ್ಪದರವನ್ನು ಮುಖದ ಹತ್ತಿರ ತಂದು, ಓರೆಯಾಗಿ ನೋಡಿ, ಒಂದೊಂದೇ ತುಂಡಿನ ಗುರುತು ಹೇಳುವಳು. ಪುಟ್ಟಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವಳು. ಪಟ್ಟೆಯದು ಅಪ್ಪನ ಅಂಗಿ. ಅಪ್ಪ ಬೀಗ ರಿಪೇರಿಯವನು, ಅದಕ್ಕೊಂದು ಕೀಲಿ. ಹಸಿರು ಸೀರೆ ಅಮ್ಮನದು. ಬೆಕ್ಕುಗಳನ್ನು ದಿನವಿಡೀ ಬಯ್ಯುತ್ತ, ಯಾರೂ ನೋಡದಾಗ ಹಾಲು ಹಾಕುತ್ತಿದ್ದವಳು, ಅವಳಿಗೊಂದು ಬೆಕ್ಕು. ಕಂದು ಬಣ್ಣದ್ದು ಅಕ್ಕನ ಗಂಡನ ಕೋಟಿನ ತುಂಡು.

"ನಿಮ್ಮ ಭಾವ ಮೂವತ್ತು ವರ್ಷ ಗಾಳ ಹಾಕಿದ್ರೂ ಒಂದೇ ಒಂದು ಮೀನು ಹಿಡೀಲಿಲ್ಲ," ಅಂದಳು ಅಕ್ಕ. "ಒಂದು ದೊಡ್ಡ ಮೀನು ಹಾಕು. ಕೌದಿಯಲ್ಲಾದ್ರೂ ಸಿಗಲಿ."

ಪುಟ್ಟಿಯ ಶಾಲೆಯ ಫ್ರಾಕಿಗೆ ಬಸವನಹುಳು, ಯಾಕೆಂದರೆ ಅವಳು ಒಂದು ದಿನವೂ ಹೊತ್ತಿಗೆ ಸರಿಯಾಗಿ ಶಾಲೆ ಮುಟ್ಟಿದವಳಲ್ಲ. ಅಳತೆರಾಯರ ಮದುವೆಯ ಅಂಗಿಗೆ ಅಳತೆ ಟೇಪಿನ ಗೀಟುಗಳು. ಹೀಗೆ ಐವತ್ತೈದು ಆಯಿತು. ಕೊನೆಯ ಮೂಲೆಯಲ್ಲಿ ಒಂದು ಬೂದು ತುಂಡು ಉಳಿಯಿತು. ಅದೇನೆಂದು ಕೇಳಿದರೆ ಅಕ್ಕ, ಅದು ನನ್ನ ಕೆಲಸದ ಏಪ್ರನ್ನು, ಅದಕ್ಕೇನು ಹಾಕಬೇಕೆಂದು ಆಮೇಲೆ ಹೇಳುತ್ತೇನೆ ಎಂದಳು. ಪುಟ್ಟಿ ಒತ್ತಾಯಿಸಲಿಲ್ಲ. ಅಕ್ಕನ ಕಣ್ಣು ದಿನದಿಂದ ದಿನಕ್ಕೆ ಬಟ್ಟೆಯನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಳ್ಳುತ್ತಿತ್ತು.

ಮೂವತ್ತನೆಯ ದಿನ ಮತ್ತೆ ಅಂಗಡಿ. ಅಂಗಡಿಯಾಕೆ ಪೆಟ್ಟಿಗೆಗಳನ್ನು ಇಳಿಸಿದಳು. ಪುಟ್ಟಿ ಕೂತು, ಉಸಿರು ಬಿಗಿಹಿಡಿದು, ಕೌದಿಯ ಸರಿಯಾಗಿ ನಡುವಿನಲ್ಲಿ ಒಂದು ಬಸವನಹುಳು ಹೊಲಿದಳು. ತಲೆ ಮೇಲೆ, ಹೊಟ್ಟೆ ಕೆಳಗೆ, ಚಿಪ್ಪು ಬೆನ್ನ ಮೇಲೆ. ಹೊಲಿಗೆ ಪೂರ್ತಿ ಸಮವಾಗಿರಲಿಲ್ಲ, ಆದರೆ ಸಾಸಿವೆಯೂ ಅಕ್ಕಿಕಾಳೂ ಈಗ ಅಕ್ಕತಂಗಿಯರಷ್ಟು ಹತ್ತಿರ ಬಂದಿದ್ದವು. ಅಂಗಡಿಯಾಕೆ ಬಗ್ಗಿ ನೋಡಿ, ನೆಟ್ಟಗಾಗಿ, ಇನ್ನೆರಡು ಸೂಜಿ ಪ್ಯಾಕೆಟ್ಟು ನನ್ನ ಲೆಕ್ಕದಲ್ಲಿ ಎಂದಳು.

ಯಂತ್ರ ಮನೆಗೆ ಬಂತು. ಅಳತೆರಾಯರ ಚೀಟಿಗೆ ಕೂದಲೆಳೆ ವ್ಯತ್ಯಾಸವಿಲ್ಲದೆ ಕಿಟಕಿಯ ಪಕ್ಕ ಕೂತುಕೊಂಡಿತು. ಅವರು ಎರಡು ದಿನ ಎದೆ ಉಬ್ಬಿಸಿಕೊಂಡು ಓಡಾಡಿದರು. ಮೂರನೆಯ ದಿನ ಮೂರೂ ಪದರ ಸೇರಿಸಿ ಕಚ್ಚಾ ಹೊಲಿಗೆ ಹಾಕಿದ ಅಕ್ಕನ ಕೌದಿ ಅದರ ಮೇಲೆ ಏರಿತು. ಪುಟ್ಟಿ ಅಪ್ಪನ ಕೀಲಿ ಶುರುಮಾಡಿದಳು. ಅರ್ಧ ಕೀಲಿ ಆಗುವಷ್ಟರಲ್ಲಿ ಕೌದಿಯ ಹಿಂಭಾಗ ಮೇಜಿನ ಅಂಚಿನಿಂದ ಜಾರಿ ದಬ್ಬನೆ ನೆಲಕ್ಕೆ ಬಿತ್ತು, ಅದರ ಭಾರಕ್ಕೆ ಬಟ್ಟೆ ಎಳೆದುಕೊಂಡು ಹೋಗಿ, ಕೀಲಿಯ ಬಾಲ ಅಮ್ಮನ ಸೀರೆಯವರೆಗೆ ಓಡಿತು.

"ರೀ," ಅಂದಳು ಪುಟ್ಟಿ, ಧ್ವನಿ ಏರಿಸದೆ. "ಯಂತ್ರ ಎಷ್ಟು ಜಾಗ ತಿನ್ನುತ್ತೆ ಅಂತ ಅಳೆದ್ರಿ. ಕೌದಿ ಎಷ್ಟು ಜಾಗ ತಿನ್ನುತ್ತೆ ಅಂತ ಅಳೆದ್ರಾ?"

ಮೂವತ್ತೆಂಟು ವರ್ಷ ಕದಲದ ಹಲಗೆಯನ್ನು ಅಳೆದವರಿಗೆ ಓಡಾಡುವ ಬಟ್ಟೆಯ ಅಳತೆ ಹೊಳೆದಿರಲಿಲ್ಲ. ಅಳತೆರಾಯರು ಟೇಪನ್ನು ಜೇಬಿಗೆ ಹಾಕಿದರು, ಮತ್ತೆ ತೆಗೆದರು. ಯಂತ್ರವನ್ನು ನಡುಮನೆಯ ಮೂಲೆಗೆ ಎಳೆದು, ಎಡಗಡೆ ಗೋಡೆ ಕೌದಿಯನ್ನು ತಡೆಯುವ ಹಾಗೆ ನಿಲ್ಲಿಸಿದರು. ಹಿಂದುಗಡೆಗೆ ಊಟದ ಮೇಜನ್ನೇ ತಂದು ಜೋಡಿಸಿ, ಕಾಲುಗಳ ಕೆಳಗೆ ಮರದ ತುಂಡು ಕೊಟ್ಟು, ಎರಡೂ ಮೇಜು ಒಂದೇ ಮಟ್ಟಕ್ಕೆ ಬರುವವರೆಗೆ ಆ ತುಂಡುಗಳನ್ನು ಉಜ್ಜಿದರು. ಈಗ ಕೌದಿಗೆ ಬೀಳಲು ಜಾಗವಿರಲಿಲ್ಲ, ಆದರೆ ಮನೆಯವರಿಗೆ ಉಣ್ಣಲೂ ಜಾಗವಿರಲಿಲ್ಲ. ಅಂದಿನಿಂದ ಊಟ ಅಡುಗೆಮನೆಯಲ್ಲಿ, ತಟ್ಟೆ ತೊಡೆಯ ಮೇಲೆ.

ಕೀಲಿಯ ಬಾಲ ಬಿಚ್ಚಿ ಮತ್ತೆ ಹೊಲಿದಳು. ಆಮೇಲೆ ಬೆಕ್ಕು. ಬೆಕ್ಕಿಗೆ ಎರಡು ದಿನ ಬೇಕಾಯಿತು, ಮೀನಿಗೆ ಒಂದೇ ಬೆಳಿಗ್ಗೆ. ಕೆಲವು ದಿನ ದಾರ ಅಡಿಯಲ್ಲಿ ಗಂಟುಗಂಟಾಗಿ ಕೂರುವುದು, ಅಕ್ಕ ಬೆರಳಿಟ್ಟು ಇಲ್ಲಿ ಎಂದು ತೋರಿಸುವಳು, ಪುಟ್ಟಿ ಹಲ್ಲು ಕಚ್ಚಿ ಬಿಚ್ಚುವಳು. ಸೊಂಟ ಹಿಡಿದರೆ ಎದ್ದು ನಡುಮನೆಯಲ್ಲಿ ನಾಲ್ಕು ಸುತ್ತು ಹಾಕಿ ಮತ್ತೆ ಕೂರುವಳು. ಅಕ್ಕ ದಿನವೂ ಪಕ್ಕದ ಕುರ್ಚಿಯಲ್ಲಿ, ಯಂತ್ರದ ಸದ್ದಿಗೆ ಕಿವಿಗೊಟ್ಟು. ಹೊಲಿಗೆ ಉದ್ದವಾಯಿತೋ ಗಿಡ್ಡವಾಯಿತೋ ಅವಳಿಗೆ ಸದ್ದಿನಲ್ಲೇ ತಿಳಿಯತೊಡಗಿತು; ಕಾಲು ಬಿಗಿ ಮಾಡಬೇಡ ಎನ್ನುವಳು, ಕೈ ಮುಂದೆ ಹೋಗುತ್ತಿದೆ ಎನ್ನುವಳು. ಇಪ್ಪತ್ತು ತುಂಡು ಮುಗಿದಾಗ ಅವಳು ಪುಟ್ಟಿಯ ಮುಖವನ್ನು ಅಂಚುಗಣ್ಣಿನಲ್ಲಿ ನೋಡುತ್ತಿದ್ದಳು. ನಲವತ್ತು ಮುಗಿದಾಗ ಒಂದು ಬೆಳಿಗ್ಗೆ ಲೋಟದ ಪಕ್ಕಕ್ಕೆ ನೀರು ಸುರಿದಳು. ಪುಟ್ಟಿ ಒರೆಸಿದಳು. ಆ ದಿನ ಪುಟ್ಟಿ ಮೂರು ತುಂಡು ಮುಗಿಸಿದಳು.

ಐವತ್ತೈದನೆಯದು ಮುಗಿದ ದಿನ ಅಕ್ಕನಿಗೆ ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂಬುದಷ್ಟೇ ಗೊತ್ತಾಗುತ್ತಿತ್ತು. ಕೌದಿಯನ್ನು ಎರಡೂ ಮೇಜುಗಳ ಮೇಲೆ ಹಾಸಿದರು. ಅಕ್ಕ ಮೇಜಿನ ಸುತ್ತ ನಡೆಯುತ್ತ ಬೆರಳಿಟ್ಟು ಓದಿದಳು. ಕೀಲಿಯ ಹಲ್ಲುಗಳನ್ನು ಎಣಿಸಿದಳು. ಬೆಕ್ಕಿನ ಮೀಸೆ ಸಿಕ್ಕಾಗ ನಕ್ಕಳು. ಕಂದು ತುಂಡಿನ ಮೇಲೆ ಅಂಗೈ ಪೂರ್ತಿ ಇಟ್ಟು, ಮೀನಿನ ಮೂತಿಯಿಂದ ಬಾಲದವರೆಗೆ ನಿಧಾನವಾಗಿ ಸವರಿ, ಅಂತೂ ಹಿಡಿದರು ಎಂದಳು. ಒಂದೂ ತಪ್ಪಲಿಲ್ಲ. ಪುಟ್ಟಿಗೆ ಕಣ್ಣು ತುಂಬಿ ಬಂತು. ಕೊನೆಗೆ ಬೆರಳು ಮೂಲೆಯ ಬೂದು ತುಂಡಿಗೆ ಬಂತು. ಅಲ್ಲಿ ಏನೂ ಇರಲಿಲ್ಲ.

ಇದಕ್ಕೇನು ಹಾಕಲಿ, ಈಗಲಾದರೂ ಹೇಳು ಎಂದಳು ಪುಟ್ಟಿ.

"ನೀನೇನೂ ಹಾಕಬೇಡ. ಏಳು," ಅಂದಳು ಅಕ್ಕ. "ನನ್ನನ್ನು ಅಲ್ಲಿ ಕೂರಿಸು."

ಪುಟ್ಟಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಗಂಡನನ್ನು ಕೂಗಿದಳು. ಅಳತೆರಾಯರು ಓಡಿ ಬಂದು, ಅತ್ತಿಗೆ, ಬೆರಳು ಹೋಗುತ್ತದೆ, ಸುಮ್ಮನೆ ಇಲ್ಲದ ಸಾಹಸ ಬೇಡ ಎಂದರು. ಅಕ್ಕ ಅಷ್ಟರಲ್ಲಿ ಕುರ್ಚಿಯ ಬೆನ್ನು ಹುಡುಕಿಕೊಂಡು ಕೂತಾಗಿತ್ತು. ಹಟ ಮನೆಯಲ್ಲಿ ಯಾರಿಂದ ಯಾರಿಗೆ ಬಂದದ್ದು ಎಂಬುದು ಅವತ್ತು ಎಲ್ಲರಿಗೂ ಗೊತ್ತಾಯಿತು.

"ಚೌಕಟ್ಟಿನ ಯಂತ್ರ ಆಗಿದ್ರೆ ನಾನು ಕೇಳ್ತಿರಲಿಲ್ಲ," ಅಂದಳು ಅಕ್ಕ. "ಅಲ್ಲಿ ಸೂಜಿ ಊರೆಲ್ಲ ತಿರುಗುತ್ತೆ, ಎಲ್ಲಿದೆ ಅಂತ ಹುಡುಕೋದು ನನ್ನಿಂದ ಆಗಲ್ಲ. ಇದರಲ್ಲಿ ಸೂಜಿ ಎಲ್ಲಿಗೂ ಹೋಗಲ್ಲ. ಇದ್ದಲ್ಲೇ ಇರುತ್ತೆ. ನಾನು ಬಟ್ಟೆಯನ್ನು ಅದರ ಹತ್ತಿರ ತಂದರೆ ಸಾಕು. ನೀನು ಪೆನ್ನು ಕಟ್ಟಿಕೊಂಡು ಕೂತ ದಿನವೇ ನನಗೆ ಹೊಳೀತು ಪುಟ್ಟಿ. ಆ ತುಂಡು ಅದಕ್ಕೇ ಬಿಟ್ಟಿದ್ದು."

ಅಳತೆರಾಯರು ಯಂತ್ರದ ಮುಂದೆ ಬಗ್ಗಿದರು. ಆಮೇಲೆ ಟೇಪು ತೆಗೆದು ಸೂಜಿಯ ಸುತ್ತಲಿನ ಜಾಗ ಅಳೆದರು. ಕಿಟಕಿಯ ಪರದೆಯ ಕಂಬಿಯಿಂದ ಒಂದು ಹಿತ್ತಾಳೆಯ ಬಳೆ ಬಿಚ್ಚಿ ತಂದು, ಬೆರಳು ಸೂಜಿಯ ಕೆಳಗೆ ಹೋಗದ ಹಾಗೆ, ಬಟ್ಟೆ ಮಾತ್ರ ಜಾರುವ ಹಾಗೆ ಅದನ್ನು ಸೂಜಿಯ ಸುತ್ತ ಬಿಗಿದರು. ಎರಡು ಸಲ ಬಿಚ್ಚಿ ಎರಡು ಸಲ ಸರಿಮಾಡಿದರು, ತಮ್ಮದೇ ಬೆರಳು ತೂರಿಸಿ ನೋಡಿ ಹೋಗುವುದಿಲ್ಲವೆಂದು ಖಾತ್ರಿ ಮಾಡಿಕೊಂಡರು. ಪೆಡಲಿನ ಅಡಿಗೆ ಮರದ ಬೆಣೆಯೊಂದನ್ನು ಸೇರಿಸಿದರು. ಈಗ ಎಷ್ಟೇ ಒತ್ತಿದರೂ ಯಂತ್ರ ನಿಧಾನವಾಗಿಯೇ ಓಡುವುದು.

ಪುಟ್ಟಿ ಬೂದು ತುಂಡಿನ ನಡುವನ್ನು ಸೂಜಿಯ ಕೆಳಗೆ ತಂದಿಟ್ಟು ಹಿಂದೆ ಸರಿದಳು. ಸರಿಯುವುದು ಅವಳಿಗೆ ಕಷ್ಟವಾಯಿತು. ಅಕ್ಕನ ಎರಡೂ ಕೈ ಬಟ್ಟೆಯ ಮೇಲೆ ಅಗಲವಾಗಿ ಕೂತವು. ಹೆಬ್ಬೆರಳುಗಳು ಬಳೆಯ ಅಂಚನ್ನು ಮುಟ್ಟಿ ನೋಡಿ, ಅಲ್ಲೇ ಕಾವಲು ನಿಂತವು. ಕಾಲು ಪೆಡಲನ್ನು ಒತ್ತಿತು. ಯಂತ್ರ ಟಕ್ ಎಂದಿತು, ಟಕ್ ಟಕ್ ಎಂದಿತು. ಅಕ್ಕ ನಡುವಿನಿಂದ ಶುರುಮಾಡಿ ಬಟ್ಟೆಯನ್ನು ಸುರುಳಿಯಾಗಿ ತಿರುಗಿಸತೊಡಗಿದಳು. ಒಂದು ಸುತ್ತು ಆದ ಮೇಲೆ ಆ ಉಬ್ಬಿದ ಗೆರೆಯನ್ನೇ ಬೆರಳಿನಲ್ಲಿ ಹಿಡಿದು, ಅದರ ಪಕ್ಕಕ್ಕೆ ಇನ್ನೊಂದು ಸುತ್ತು. ತಾನು ಹೊಲಿದದ್ದೇ ಅವಳಿಗೆ ಮುಂದಿನ ದಾರಿ. ಮುಂದೆ ಎರಡು ಸಲ ಅವಳ ಬೆರಳು ತುಂಡಿನ ಅಂಚಿನ ಜೋಡಣೆಯನ್ನು ಮುಟ್ಟಿತು, ಎರಡು ಸಲವೂ ಅವಳೇ ತಿರುಗಿ ಒಳಕ್ಕೆ ಬಂದಳು. ಅಳತೆರಾಯರು ಉಸಿರಾಡಿದರೋ ಇಲ್ಲವೋ ಗೊತ್ತಿಲ್ಲ. ಪುಟ್ಟಿ ಕುರ್ಚಿಯ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು, ಆದರೆ ಒಂದು ಸಲವೂ ಅಕ್ಕನ ಕೈ ಹಿಡಿಯಲಿಲ್ಲ.

ಮುಕ್ಕಾಲು ಗಂಟೆ ಹಿಡಿಯಿತು. ಅಕ್ಕ ಕಾಲು ತೆಗೆದು, ದಾರ ಕತ್ತರಿಸಲು ಹೇಳಿ, ಬೂದು ತುಂಡನ್ನು ನಡುವಿನಿಂದ ಅಂಚಿನವರೆಗೆ ಬೆರಳಿನಲ್ಲಿ ಸುತ್ತಿ ಬಂದಳು.

"ಸೊಟ್ಟ ಇದೆ ಅಲ್ವಾ?" ಅಂದಳು.

ಪುಟ್ಟಿ ಅಕ್ಕನಿಗೆ ಯಾವತ್ತೂ ಸುಳ್ಳು ಹೇಳಿದವಳಲ್ಲ.

"ಇದೆ ಅಕ್ಕ. ತುಂಬಾ ಸೊಟ್ಟ ಇದೆ."

"ಇರಲಿ. ಮುಂದಿನದು ನೆಟ್ಟಗೆ ಬರುತ್ತೆ," ಅಂದಳು ಅಕ್ಕ. ಕುರ್ಚಿಯಿಂದ ಏಳುವ ಲಕ್ಷಣ ಕಾಣಲಿಲ್ಲ. "ನಿನ್ನ ಗಂಡನಿಗೆ ಹೇಳು, ಆ ಬಳೆ ಬಿಚ್ಚೋದು ಬೇಡ. ನಾಳೆಯಿಂದ ಬೆಳಗಿನ ಪಾಳಿ ನನ್ನದು, ಮಧ್ಯಾಹ್ನದ್ದು ನಿನ್ನದು."